ಮಡಕೆ ಬೋಕಿಯಿಂದ ಬಂದ ಮಾತು: ‘ಆಸ್ಟ್ರಸೈಜ್’

ಪ್ರಶ್ನೆ: ನಾನು ಒಂದು ಸಂಸ್ಥೆಗೆ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ಅನುವಾದ ಮಾಡಿಕೊಡುತ್ತೇನೆ. ಮೊನ್ನೆ ಒಂದು ವಾಕ್ಯ ಬಂತು. ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳೆಂದು ಊರವರು ಆ ಕುಟುಂಬವನ್ನು ‘ಆಸ್ಟ್ರಸೈಜ್’ ಮಾಡಿದ್ದಾರೆ ಎಂದು ಅದರಲ್ಲಿತ್ತು. ನಾನು ‘ಬಹಿಷ್ಕಾರ ಹಾಕಿದ್ದಾರೆ’ ಎಂದು ಬರೆದೆ. ಕರಡು ತಿದ್ದುವವರು, ಪದದ ಮೂಲ ಅರ್ಥ ‘ಗಡಿಪಾರು’ ಎಂದು ಹೇಳಿ ಬದಲಾಯಿಸಿದರು. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ, ಇದು ಆಸ್ಟ್ರಿಚ್ ಹಕ್ಕಿಯಿಂದ ಬಂದ ಪದ ಅನ್ನುತ್ತಾಳೆ. ಗ್ರೀಕರು ಕಪ್ಪೆಚಿಪ್ಪಿನ ಮೇಲೆ ಹೆಸರು ಬರೆದು ಮತ ಹಾಕುತ್ತಿದ್ದರು ಎಂದು ಚಿಕ್ಕಂದಿನಲ್ಲಿ ಓದಿದ ನೆನಪು ನನಗೆ. ಯಾವುದು ಸರಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಪದ ಹುಟ್ಟಿದ್ದು ಮಡಕೆ ಚೂರಿನಿಂದ. ನಮ್ಮ ಕಡೆ ಬೋಕಿ ಅಂತೀವಲ್ಲ, ಅದೇ. ಹಕ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಚಿಪ್ಪಿನ ಮಾತಿನಲ್ಲಿ ಅರ್ಧ ಸತ್ಯ ಇದೆ. ನಿಮ್ಮ ವಾಕ್ಯಕ್ಕೆ ‘ಬಹಿಷ್ಕಾರ’ವೇ ಸರಿ. ಆದರೆ ತಿದ್ದಿದವರ ‘ಗಡಿಪಾರು’ ಕೂಡ ಸುಮ್ನೆ ಬಂದದ್ದಲ್ಲ. 2500 ವರ್ಷದ ಹಿಂದೆ ಗ್ರೀಸಿನ ಅಥೆನ್ಸಿನಲ್ಲಿ ಕೂತು ಅನುವಾದ ಮಾಡುತ್ತಿದ್ದರೆ ಅವರ ಮಾತೇ ಗೆಲ್ಲುತ್ತಿತ್ತು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಪದ ಪೂರ್ತಿ ಮಗ್ಗುಲು ಬದಲಿಸಿದೆ. ಅದು ಹೇಗಾಯಿತು ಅನ್ನುವುದು ತಿಳಿದರೆ ನಿಮ್ಮ ಮೂರೂ ಅನುಮಾನ ಒಟ್ಟಿಗೆ ತೀರುತ್ತವೆ.

ಹಕ್ಕಿಯ ವಿಷಯ ಬೇಗ ಮುಗಿಸೋಣ. ಆಸ್ಟ್ರಿಚ್ ಪದದ ಒಳಗಿರುವುದು ಲ್ಯಾಟಿನ್ನಿನ ‘ಆವಿಸ್ ಸ್ತ್ರೂಥಿಯೊ’. ಅದರ ಹಿಂದೆ ಗ್ರೀಕಿನ ‘ಸ್ತ್ರೂಥೊಸ್’ ಇದೆ. ಸ್ತ್ರೂಥೊಸ್ ಅಂದರೆ ಗುಬ್ಬಚ್ಚಿ! ಗ್ರೀಕರು ಈ ದೊಡ್ಡ ಹಕ್ಕಿಯನ್ನು ‘ದೊಡ್ಡ ಗುಬ್ಬಚ್ಚಿ’ ಎಂದೂ ‘ಒಂಟೆ ಗುಬ್ಬಚ್ಚಿ’ ಎಂದೂ ಕರೆದರು. ನಾವು ಕನ್ನಡದಲ್ಲಿ ಉಷ್ಟ್ರಪಕ್ಷಿ ಅನ್ನುವಾಗಲೂ ಅದೇ ಒಂಟೆ ಇದೆ. ಉಷ್ಟ್ರ ಅಂದರೆ ಒಂಟೆ ತಾನೇ? ಹಾಗಾಗಿ ಆಸ್ಟ್ರಿಚ್, ಆಸ್ಟ್ರಸೈಜ್ ಎರಡೂ ಕಿವಿಗೆ ಅಕ್ಕತಂಗಿಯರ ಹಾಗೆ ಕೇಳಿದರೂ ಬೇರೆ ಬೇರೆ ಮನೆಯವರು.

ಈಗ ನಿಜವಾದ ಮನೆತನ ನೋಡೋಣ. ಗ್ರೀಕಿನಲ್ಲಿ ಮಡಕೆ ಚೂರಿಗೆ ‘ಒಸ್ತ್ರಕೊನ್’ ಎಂದು ಹೆಸರು. ಚಿಪ್ಪಿಗೂ ಅದೇ ಹೆಸರು. ಆಮೆಯ ಬೆನ್ನ ಮೇಲಿನದ್ದು, ಬಸವನಹುಳು ಹೊತ್ತುಕೊಂಡು ಹೋಗುವುದು, ಅದೂ ಒಸ್ತ್ರಕೊನ್. ಇದರ ಹತ್ತಿರದ ನೆಂಟ ‘ಒಸ್ತ್ರೆಯೊನ್’, ಅಂದರೆ ಸಮುದ್ರದ ಸಿಂಪಿ. ಇಂಗ್ಲಿಷಿನ ಆಯ್ಸ್ಟರ್ ಬಂದದ್ದು ಅಲ್ಲಿಂದ. ಇನ್ನೊಬ್ಬ ನೆಂಟ ‘ಒಸ್ತೆಯೊನ್’, ಅಂದರೆ ಮೂಳೆ. ಮೂಳೆ ಸವೆಯುವ ರೋಗಕ್ಕೆ ಡಾಕ್ಟರು ಆಸ್ಟಿಯೋಪೊರೋಸಿಸ್ ಅನ್ನುತ್ತಾರಲ್ಲ, ಅದರ ಮೊದಲ ತುಂಡು ಇದೇ.

ಈ ಒಸ್ತೆಯೊನ್ ಅನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ ನೋಡಿ. ಕಿವಿಗೆ ಏನಾದರೂ ತಾಗಿತಾ? ಸಂಸ್ಕೃತದ ‘ಅಸ್ಥಿ’! ಗ್ರೀಕ್, ಸಂಸ್ಕೃತ ಎರಡೂ ಒಂದೇ ಬೇರಿನಿಂದ ಟಿಸಿಲೊಡೆದ ಭಾಷೆಗಳು. ಗ್ರೀಕಿನಲ್ಲಿ ‘ಒ’ ಇರುವ ಕಡೆ ಸಂಸ್ಕೃತದಲ್ಲಿ ಎಷ್ಟೋ ಸಲ ‘ಅ’ ಬರುತ್ತದೆ. ಗ್ರೀಕಿನ ‘ಒಕ್ತೊ’ ನಮ್ಮ ‘ಅಷ್ಟ’ ಆದ ಹಾಗೆ. ಗಟ್ಟಿ ವಸ್ತು, ಮೂಳೆ, ಚಿಪ್ಪು, ಸುಟ್ಟ ಮಣ್ಣಿನ ಚೂರು, ಹೀಗೆ ಅರ್ಥ ಬೆಳೆದುಕೊಂಡು ಹೋಗಿದೆ. ಅಸ್ಥಿ ವಿಸರ್ಜನೆಗೆ ಶ್ರೀರಂಗಪಟ್ಟಣಕ್ಕೆ ಹೋಗುವವರ ಬಾಯಲ್ಲಿರುವ ಪದವೂ ಇಂಗ್ಲಿಷಿನ ಆಸ್ಟ್ರಸೈಜೂ ದೂರದ ದಾಯಾದಿಗಳು ಎಂದರೆ ನಂಬಲು ಸ್ವಲ್ಪ ಹೊತ್ತು ಬೇಕು. ನನಗೂ ಬೇಕಾಗಿತ್ತು.

ಚಿಪ್ಪು, ಮೂಳೆ, ಮಡಕೆ ಚೂರು ಮೂರನ್ನೂ ಒಂದೇ ಕಣ್ಣಿನಿಂದ ನೋಡಿದ್ದು ಗ್ರೀಕರು ಮಾತ್ರ ಅಲ್ಲ. ನಾವು ಕಪ್ಪೆಚಿಪ್ಪು ಅನ್ನುತ್ತೇವೆ, ತೆಂಗಿನ ಚಿಪ್ಪು ಅನ್ನುತ್ತೇವೆ, ಬಿದ್ದು ಪೆಟ್ಟಾದರೆ ಮಂಡಿಚಿಪ್ಪು ಸರಿದಿದೆ ಅನ್ನುತ್ತೇವೆ. ಮಂಡಿಯಲ್ಲಿರುವುದು ಮೂಳೆ ಅಲ್ವಾ? ಇನ್ನು ‘ಓಡು’ ಪದ ನೋಡಿ. ಒಡೆದ ಮಡಕೆಯ ಚೂರೂ ಓಡು, ತಲೆಬುರುಡೆಯೂ ತಲೆಯೋಡು. ಲ್ಯಾಟಿನ್ನಿನಲ್ಲಿ ‘ತೆಸ್ತ’ ಅಂದರೆ ಮಣ್ಣಿನ ಪಾತ್ರೆ, ಹೆಂಚು, ಚಿಪ್ಪು. ಜನ ಆಡುಮಾತಿನಲ್ಲಿ ತಲೆಗೂ ತೆಸ್ತ ಅನ್ನತೊಡಗಿದರು. ಅದೇ ಮುಂದೆ ಫ್ರೆಂಚಿನ ‘ತೆತ್’ ಆಯಿತು. ಇವತ್ತು ಫ್ರೆಂಚರು ತಲೆಗೆ ಹೇಳುವ ಮಾಮೂಲಿ ಪದ ಅದು. ಎಲ್ಲಿಯ ಪ್ಯಾರಿಸ್, ಎಲ್ಲಿಯ ತಲೆಯೋಡು!

ನೀವು ಚಿಕ್ಕಂದಿನಲ್ಲಿ ಓದಿದ ಕಪ್ಪೆಚಿಪ್ಪು ಹುಟ್ಟಿದ್ದು ಈ ಗೊಂದಲದಿಂದಲೇ. ಒಸ್ತ್ರಕೊನ್ ಪದಕ್ಕೆ ಎರಡೂ ಅರ್ಥ ಇರುವುದರಿಂದ ಹಿಂದಿನ ಇಂಗ್ಲಿಷ್ ಬರಹಗಾರರು ಎಷ್ಟೋ ಜನ ಅದನ್ನು ಸಿಂಪಿಯ ಚಿಪ್ಪು ಎಂದು ಅನುವಾದಿಸಿದರು. ಆಮೇಲೆ ನೆಲ ಅಗೆದಾಗ ಮತಗಳೇ ಕೈಗೆ ಸಿಕ್ಕವು. ಅವು ಮಡಕೆ ಚೂರುಗಳು. ಒಂದೆರಡಲ್ಲ, ಅಥೆನ್ಸಿನಲ್ಲಿ ಈವರೆಗೆ ಸಿಕ್ಕಿರುವುದು 10,000ಕ್ಕೂ ಜಾಸ್ತಿ.

ಅಲ್ಲಿ ನಡೆಯುತ್ತಿದ್ದದ್ದು ಏನು ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ನಿಮ್ಮ ಗಡಿಪಾರು–ಬಹಿಷ್ಕಾರದ ಜಗಳ ಅಲ್ಲೇ ಬಗೆಹರಿಯುವುದು.

ಕ್ರಿ.ಪೂ. 510ರಲ್ಲಿ ಅಥೆನ್ಸಿನ ಜನ ಸ್ಪಾರ್ಟಾದ ಸೇನೆಯ ನೆರವಿನಿಂದ ಹಿಪ್ಪಿಯಾಸ್ ಎಂಬ ಸರ್ವಾಧಿಕಾರಿಯನ್ನು ಓಡಿಸಿದರು. ಅವನ ಅಪ್ಪ ಪಿಸಿಸ್ಟ್ರಾಟಸ್ ಜನನಾಯಕನಾಗಿ ಬೆಳೆದು, ಆಮೇಲೆ ಊರನ್ನೇ ಕೈಗೆ ತೆಗೆದುಕೊಂಡವನು. ಇನ್ನೊಬ್ಬ ಹಾಗೆ ಬೆಳೆಯಬಾರದು ಅನ್ನುವ ಭಯ ಜನರಲ್ಲಿತ್ತು. ಅದಾಗಿ ಎರಡು ಮೂರು ವರ್ಷದಲ್ಲಿ ಕ್ಲೈಸ್ತನೀಸ್ ಎಂಬವನು ಆಡಳಿತವನ್ನು ಹೊಸದಾಗಿ ಕಟ್ಟಿದ. ಮಡಕೆ ಚೂರಿನ ಮೇಲೆ ಹೆಸರು ಬರೆದು ಮತ ಹಾಕಿ ಒಬ್ಬನನ್ನು ಊರಿನಿಂದ ಕಳಿಸುವ ಕಾನೂನೂ ಅವನದೇ ಎಂದು ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ಗ್ರಂಥ ಹೇಳುತ್ತದೆ. ಆದರೆ ಅದನ್ನು ಮೊದಲು ಬಳಸಿದ್ದು ಕ್ರಿ.ಪೂ. 487ರಲ್ಲಿ. ಮ್ಯಾರಥಾನ್ ಯುದ್ಧ ಮುಗಿದು ಆಗ ಮೂರು ವರ್ಷ. ಆ ಯುದ್ಧಕ್ಕೆ ಪರ್ಷಿಯನ್ನರ ಜೊತೆ ಮುದುಕ ಹಿಪ್ಪಿಯಾಸನೂ ಬಂದಿದ್ದ. ಮೊದಲು ಊರು ಬಿಟ್ಟವನು ಅವನ ನೆಂಟ, ಹಿಪ್ಪಾರ್ಕಸ್.

ನಡೆಯುತ್ತಿದ್ದ ಕ್ರಮ ಹೀಗೆ. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಜನಸಭೆಯ ಮುಂದೆ ಒಂದು ಪ್ರಶ್ನೆ ಇಡುತ್ತಿದ್ದರು: ಈ ವರ್ಷ ಚೂರಿನ ಮತ ಬೇಕೋ ಬೇಡವೋ? ಯಾರ ಹೆಸರನ್ನೂ ಎತ್ತುವಂತಿಲ್ಲ. ಕೈ ಎತ್ತಿ ಬೇಕು ಅಥವಾ ಬೇಡ ಅನ್ನಬೇಕು, ಅಷ್ಟೇ. ಬೇಕು ಅಂದರೆ ಸುಮಾರು ಎರಡು ತಿಂಗಳ ನಂತರ ಒಂದು ದಿನ ಗೊತ್ತಾಗುತ್ತಿತ್ತು. ಆ ದಿನ ‘ಅಗೊರ’, ಅಂದರೆ ಊರ ನಡುವಿನ ಸಂತೆ ಬಯಲಿಗೆ ಬೇಲಿ ಕಟ್ಟುತ್ತಿದ್ದರು. ಬೇಲಿಗೆ ಹತ್ತು ಬಾಗಿಲು, ಹತ್ತು ಪಂಗಡಕ್ಕೆ ಒಂದೊಂದು. ಜನ ಒಬ್ಬೊಬ್ಬರಾಗಿ ಬಂದು, ಬರೆದ ಮಗ್ಗುಲು ಕೆಳಗೆ ಮಾಡಿ ಚೂರು ಕೊಟ್ಟು ಹೋಗುತ್ತಿದ್ದರು. ವಾದ ಇಲ್ಲ, ಸಾಕ್ಷಿ ಇಲ್ಲ, ಆರೋಪಪಟ್ಟಿಯೂ ಇಲ್ಲ. ಇದು ಕೋರ್ಟಿನ ವಿಚಾರಣೆ ಆಗಿರಲೇ ಇಲ್ಲ. 6000 ಎಂಬ ಸಂಖ್ಯೆ ಮುಖ್ಯ. ಒಟ್ಟು 6000 ಚೂರು ಬಿದ್ದರೆ ಮತ ಸಿಂಧು, ಆಗ ಹೆಚ್ಚು ಚೂರು ಬಿದ್ದವನು ಹೊರಡಬೇಕು ಎಂದು ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆಯುತ್ತಾನೆ. ಒಬ್ಬನ ಮೇಲೇ 6000 ಬೀಳಬೇಕಿತ್ತು ಎಂಬ ಮಾತೂ ಹಳೆಯ ಬರಹಗಳಲ್ಲಿ ಇದೆ. ಮತ ಹಾಕುತ್ತಿದ್ದವರು ಗಂಡಸರು ಮಾತ್ರ, ಅದರಲ್ಲೂ ಪೌರರು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಆ ಬೇಲಿಯೊಳಗೆ ಜಾಗ ಇರಲಿಲ್ಲ.

ಮಡಕೆ ಚೂರೇ ಯಾಕೆ? ಪುಕ್ಕಟೆ ಸಿಗುತ್ತಿತ್ತು, ಅದಕ್ಕೆ. ಬರೆಯುವ ಪಪೈರಸ್ ಈಜಿಪ್ಟಿನಿಂದ ಬರಬೇಕು, ದುಬಾರಿ. ಒಡೆದ ಮಡಕೆ ಎಲ್ಲ ಮನೆಯ ಹಿತ್ತಲಲ್ಲೂ ಬಿದ್ದಿರುತ್ತದೆ. ಅಥೆನ್ಸಂತೂ ಕುಂಬಾರರ ಊರು. ಕುಂಬಾರರ ಕೇರಿಗೆ ಕೆರಮೈಕೋಸ್ ಎಂದು ಹೆಸರು. ಸೆರಾಮಿಕ್ ಪದ ಅದೇ ಬೇರಿನದು. ಜರ್ಮನ್ ಪುರಾತತ್ವ ತಜ್ಞರು 1960ರ ದಶಕದಲ್ಲಿ ಆ ಕೇರಿಯಲ್ಲಿ ಅಗೆದಾಗ ಒಂದೇ ಕಡೆ 8000ಕ್ಕೂ ಜಾಸ್ತಿ ಚೂರು ಸಿಕ್ಕವು. ಮೆಗಾಕ್ಲೀಸ್ ಎಂಬ ಒಬ್ಬನ ಹೆಸರಿನವೇ 4000 ದಾಟುತ್ತವೆ.

ಅಂಥ ಚೂರು ಹೇಗಿರುತ್ತದೆ ಎಂದು ಕಣ್ಣಿಗೆ ತಂದುಕೊಳ್ಳಿ. ಅಂಗೈಯಲ್ಲಿ ಹಿಡಿಯುವಷ್ಟು. ನಾವು ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡಲು ಆರಿಸಿಕೊಳ್ಳುತ್ತಿದ್ದ ಬೋಕಿಯ ಹಾಗೆಯೇ. ಮೇಲೆ ಕಪ್ಪು ಹೊಳಪಿನ ಬಣ್ಣ. ಮೊಳೆಯಂಥದ್ದರಿಂದ ಗೀರಿದರೆ ಕಪ್ಪು ಎದ್ದು ಒಳಗಿನ ಕೆಂಪು ಮಣ್ಣು ಕಾಣುತ್ತದೆ. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ ಅಕ್ಷರ ಎದ್ದು ನಿಲ್ಲುತ್ತದೆ. ‘ಥೆಮಿಸ್ಟಾಕ್ಲೀಸ್, ನಿಯೊಕ್ಲೀಸನ ಮಗ’, ‘ಅರಿಸ್ಟೈಡೀಸ್, ಲೈಸಿಮಾಕಸನ ಮಗ’, ಹೀಗೆ ಹೆಸರು ಮತ್ತು ಅಪ್ಪನ ಹೆಸರು. ಕೆಲವದರಲ್ಲಿ ಊರ ಹೆಸರು. ಅಕ್ಷರ ಸೊಟ್ಟಗೆ, ಸಾಲು ಡೊಂಕು, ಕಾಗುಣಿತ ತಪ್ಪು. ಅದನ್ನು ನೋಡಿದರೆ ಬರೆದವನ ಕೈ ಕಾಣುತ್ತದೆ.

ಕೆಲವರಿಗೆ ಹೆಸರು ಬರೆದು ಸಮಾಧಾನ ಆಗುತ್ತಿರಲಿಲ್ಲ. ಕಿಮೋನ್ ಎಂಬ ಸೇನಾಪತಿಯ ಚೂರಿನಲ್ಲಿ ಒಬ್ಬ ‘ಎಲ್ಪಿನೀಕೆಯನ್ನೂ ಕರೆದುಕೊಂಡು ಹೊರಡು’ ಎಂದು ಸೇರಿಸಿದ್ದಾನೆ. ಎಲ್ಪಿನೀಕೆ ಅವನ ಅಕ್ಕ ಅಥವಾ ತಂಗಿ. ಅವರಿಬ್ಬರ ಬಗ್ಗೆ ಊರಲ್ಲಿ ಗುಸುಗುಸು ಇತ್ತು. ಕಲ್ಲಿಯಾಸ್ ಎಂಬವನನ್ನು ‘ಪರ್ಷಿಯಾದವನು’ ಎಂದು ಬೈದ ಚೂರುಗಳಿವೆ. ಒಂದರಲ್ಲಿ ಪರ್ಷಿಯನ್ ಬಿಲ್ಲುಗಾರನ ಚಿತ್ರವನ್ನೂ ಗೀರಿದ್ದಾರೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಚೂರುಗಳು ಬೇರೆ. ಅವುಗಳ ಮೇಲೆ ಮನುಷ್ಯರ ಹೆಸರೇ ಇಲ್ಲ. ‘ಲಿಮೋಸ್’ ಎಂದಿದೆ. ಲಿಮೋಸ್ ಅಂದರೆ ಹಸಿವು, ಬರಗಾಲ. ಊರು ಬಿಟ್ಟು ಹೋಗಬೇಕಾದದ್ದು ಹಸಿವು ಎಂದು ಯಾರೋ ಮತ ಹಾಕಿದ್ದಾರೆ.

ಮೋಸವೂ ಇತ್ತು ಅನ್ನುವ ಅನುಮಾನಕ್ಕೆ ಒಂದು ಬಾವಿ ಸಾಕ್ಷಿ. ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಆ ಬಾವಿಯಲ್ಲಿ ಸುಮಾರು 190 ಚೂರು ಸಿಕ್ಕವು. ಎಲ್ಲದರ ಮೇಲೂ ಥೆಮಿಸ್ಟಾಕ್ಲೀಸನ ಹೆಸರು. ಹೆಚ್ಚಿನವು ಬಟ್ಟಲುಗಳ ತಳದ ಭಾಗ, ಆರಿಸಿಟ್ಟ ಹಾಗೆ. ಕೈಬರಹ ಹೋಲಿಸಿ ನೋಡಿದಾಗ ಅಷ್ಟನ್ನೂ ಬರೆದದ್ದು ಕೇವಲ 14 ಕೈಗಳು ಎಂದು ಗೊತ್ತಾಯಿತು. ಯಾರೋ ಮೊದಲೇ ಬರೆದಿಟ್ಟುಕೊಂಡು ಹಂಚಲು ತಯಾರಾಗಿದ್ದರು. ಓದು ಬರಹ ಬಾರದವರಿಗೆ ಅನುಕೂಲ ಆಗಲಿ ಎಂದು ಬರೆದಿಟ್ಟಿರಲೂಬಹುದು. ಆದರೆ ಎಲ್ಲದರಲ್ಲೂ ಒಬ್ಬನದೇ ಹೆಸರು ಇರುವಾಗ ನಾನು ಅದನ್ನು ಬರೀ ಉಪಕಾರ ಎಂದು ಓದಲಾರೆ.

ಬರಹ ಬಾರದವರ ಮಾತು ಬಂದದ್ದಕ್ಕೆ ಅರಿಸ್ಟೈಡೀಸನ ಕಥೆ ಹೇಳಬೇಕು. ಪ್ಲೂಟಾರ್ಕ್ ಬರೆದದ್ದು. ಕ್ರಿ.ಪೂ. 482ರ ಮತದ ದಿನ. ಹಳ್ಳಿಯವನೊಬ್ಬ ಪಕ್ಕದಲ್ಲಿದ್ದವನಿಗೆ ಚೂರು ಕೊಟ್ಟು, ‘ಇದರ ಮೇಲೆ ಅರಿಸ್ಟೈಡೀಸ್ ಎಂದು ಬರೆದುಕೊಡಿ’ ಅಂದ. ಪಕ್ಕದಲ್ಲಿದ್ದವನೇ ಅರಿಸ್ಟೈಡೀಸ್. ‘ಅವನು ನಿನಗೇನು ಕೆಡುಕು ಮಾಡಿದ?’ ಎಂದು ಕೇಳಿದ. ‘ಏನೂ ಇಲ್ಲ, ಆ ಮನುಷ್ಯ ಯಾರೆಂದೇ ನನಗೆ ಗೊತ್ತಿಲ್ಲ. ಎಲ್ಲಿ ಹೋದರೂ ನ್ಯಾಯವಂತ, ನ್ಯಾಯವಂತ ಅಂತಾರೆ, ಕೇಳಿ ಕೇಳಿ ಸಾಕಾಗಿದೆ.’ ಅರಿಸ್ಟೈಡೀಸ್ ಮಾತಾಡದೆ ತನ್ನ ಹೆಸರು ಬರೆದು ಚೂರು ವಾಪಸ್ ಕೊಟ್ಟ. ಆ ವರ್ಷ ಊರು ಬಿಟ್ಟದ್ದು ಅವನೇ.

ಈಗ ನಿಮ್ಮ ಪ್ರಶ್ನೆಗೆ ಬೇಕಾದ ಭಾಗ. ಹೆಸರು ಬಂದವನು ಹತ್ತು ದಿನದಲ್ಲಿ ಊರು ಬಿಡಬೇಕು. ಹತ್ತು ವರ್ಷ ವಾಪಸ್ ಬರುವಂತಿಲ್ಲ. ಆದರೆ ಮನೆ, ಹೊಲ, ಆಸ್ತಿ ಎಲ್ಲ ಅವನದೇ. ಅದರ ಹುಟ್ಟುವಳಿ ಅವನಿಗೇ ಸೇರುತ್ತದೆ. ಪೌರತ್ವ ಹೋಗುವುದಿಲ್ಲ. ಅವನ ಹೆಂಡತಿ ಮಕ್ಕಳನ್ನು ಯಾರೂ ಮುಟ್ಟುವುದಿಲ್ಲ. ಗಡುವು ಮುಗಿದ ಮೇಲೆ ಬಂದು ಮೊದಲಿನ ಹಾಗೆ ಬದುಕಬಹುದು. ಅವಮಾನ ಎಂದೂ ಎಣಿಸುತ್ತಿರಲಿಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಮತ್ತೆ ಏರಿ ಬಂದಾಗ ಹೊರಗಿದ್ದವರನ್ನು ಅಥೆನ್ಸ್ ಅವಧಿಗೆ ಮುಂಚೆಯೇ ವಾಪಸ್ ಕರೆಸಿಕೊಂಡಿತು. ಅರಿಸ್ಟೈಡೀಸ್ ಬಂದ. ಮುಂದಿನ ವರ್ಷ ಪ್ಲಟೀಯ ಯುದ್ಧದಲ್ಲಿ ಅಥೆನ್ಸಿನ ಸೇನೆ ನಡೆಸಿದವನು ಅವನೇ. ಮುಂದೆ ಅಥೆನ್ಸಿನ ಹೆಸರಾಂತ ನಾಯಕನಾದ ಪೆರಿಕ್ಲೀಸನ ಅಪ್ಪ ಕ್ಸಾಂಥಿಪ್ಪಸ್ ಕೂಡ ಹೀಗೇ ವಾಪಸ್ ಬಂದು ಮಿಕಲೆಯ ಯುದ್ಧದಲ್ಲಿ ಅಥೆನ್ಸಿನ ಹಡಗುಗಳ ಮುಂದಾಳಾದ. ಊರೇ ಹೊರಗೆ ಕಳಿಸಿದವರ ಕೈಗೆ ಊರೇ ಸೇನೆ ಕೊಟ್ಟಿತು.

ಈ ಚೂರಿನ ಮತಕ್ಕೆ ಗ್ರೀಕರ ಹೆಸರು ಒಸ್ತ್ರಕಿಸ್ಮೊಸ್. ಅಂದರೆ ಮೂಲದ ಒಸ್ತ್ರಕಿಸ್ಮೊಸ್‌ನಲ್ಲಿ ದೂರ ಹೋಗುತ್ತಿದ್ದದ್ದು ಮನುಷ್ಯನ ದೇಹ. ಸಂಬಂಧ, ಆಸ್ತಿ, ಮರ್ಯಾದೆ ಇದ್ದಲ್ಲೇ ಇರುತ್ತಿದ್ದವು. ಇದು ಗಡಿಪಾರು. ಇಂದಿನ ಪತ್ರಿಕೆಗಳಲ್ಲಿ ರೌಡಿಶೀಟರನ್ನು ಜಿಲ್ಲೆಯಿಂದ ಇಷ್ಟು ತಿಂಗಳು ಗಡಿಪಾರು ಮಾಡಲಾಗಿದೆ ಎಂದು ಬರುತ್ತದಲ್ಲ, ಗಡಿಯಾಚೆ ಹೋಗು ಅನ್ನುವುದು, ಗಡುವು ಇಡುವುದು, ಎರಡೂ ಅದಕ್ಕೆ ಹೊಂದುತ್ತವೆ. ಆದರೆ ಅಥೆನ್ಸಿನಲ್ಲಿ ಹೋಗುತ್ತಿದ್ದವನ ಮೇಲೆ ಕೇಸು ಇರುತ್ತಿರಲಿಲ್ಲ. ಅವನು ತುಂಬಾ ದೊಡ್ಡವನಾಗಿ ಬೆಳೆದಿರುತ್ತಿದ್ದ, ಅದೇ ಕಾರಣ.

ಸಲಾಮಿಸ್ ಸಮುದ್ರಯುದ್ಧ ಗೆದ್ದುಕೊಟ್ಟ ಥೆಮಿಸ್ಟಾಕ್ಲೀಸನೂ ಹತ್ತು ವರ್ಷದೊಳಗೇ ಚೂರಿಗೆ ಸಿಕ್ಕಿ ಹೊರಟ. ಆಮೇಲೆ ಅವನ ಮೇಲೆ ದೇಶದ್ರೋಹದ ಆರೋಪ ಬೇರೆ ಬಂತು. ಓಡಿ ಹೋಗಿ, ತಾನು ಸೋಲಿಸಿದ ಪರ್ಷಿಯಾದ ರಾಜಮನೆತನದ ಆಶ್ರಯದಲ್ಲೇ ಕೊನೆಯ ದಿನ ಕಳೆದ. ಕ್ರಿ.ಪೂ. 415ರ ಆಸುಪಾಸಿನಲ್ಲಿ ಈ ಪದ್ಧತಿಯೇ ಮುಗಿದುಹೋಯಿತು. ನಿಸಿಯಾಸ್, ಅಲ್ಸಿಬಯಡೀಸ್ ಎಂಬ ಇಬ್ಬರು ನಾಯಕರಲ್ಲಿ ಒಬ್ಬ ಹೋಗುತ್ತಾನೆ ಎಂದು ಜನ ಕಾದಿದ್ದರು. ಅವರಿಬ್ಬರೂ ಒಳಗೊಳಗೇ ಒಂದಾಗಿ, ತಮ್ಮ ಕಡೆಯವರ ಚೂರೆಲ್ಲ ಹೈಪರ್ಬೊಲಸ್ ಎಂಬ ಮೂರನೆಯವನ ಮೇಲೆ ಬೀಳುವಂತೆ ಮಾಡಿದರು. ಜನರಿಗೆ ಬೇಸರ ಬಂತು. ಕಾನೂನು ಪುಸ್ತಕದಲ್ಲಿ ಉಳಿಯಿತು, ವರ್ಷ ವರ್ಷ ಆ ಪ್ರಶ್ನೆ ಕೇಳುವುದೂ ಉಳಿಯಿತು. ಚೂರು ಮಾತ್ರ ಮತ್ತೆ ಬೀಳಲಿಲ್ಲ.

ಸಿಸಿಲಿಯ ಸಿರಾಕ್ಯೂಸ್ ಊರಿನಲ್ಲೂ ಸ್ವಲ್ಪ ಕಾಲ ಇಂಥದ್ದೇ ಇತ್ತು. ಅಲ್ಲಿ ಹೆಸರು ಬರೆಯುತ್ತಿದ್ದದ್ದು ಆಲಿವ್ ಎಲೆಯ ಮೇಲೆ, ಅವಧಿ ಐದು ವರ್ಷ. ಎಲೆಗೆ ಗ್ರೀಕಿನಲ್ಲಿ ‘ಪೆತಲೊನ್’, ಹಾಗಾಗಿ ಅದು ಪೆಟಲಿಸಂ. ಆ ಪದ ಹೂವಿನ ಪೆಟಲಿನ ನೆಂಟ. ಯೋಗ್ಯರೆಲ್ಲ ಹೆದರಿ ಊರ ಕೆಲಸವೇ ಬೇಡ ಎಂದು ಮನೆ ಸೇರಿದ್ದರಿಂದ ಅದನ್ನು ಬೇಗ ಕೈಬಿಟ್ಟರು.

ಪದದ ಪ್ರಯಾಣ ಮುಂದುವರಿಸೋಣ. ಒಸ್ತ್ರಕೊನ್‌ನಿಂದ ‘ಒಸ್ತ್ರಕಿಜೇನ್’ ಎಂಬ ಕ್ರಿಯಾಪದ. ಅಕ್ಷರಶಃ ಹೇಳುವುದಾದರೆ ‘ಬೋಕಿಸು’! ನಾವು ಬಹಿಷ್ಕಾರಕ್ಕೆ ‘ಇಸು’ ಸೇರಿಸಿ ಬಹಿಷ್ಕರಿಸು ಮಾಡುವ ಹಾಗೆಯೇ ಅವರೂ ಮಾಡಿದ್ದಾರೆ. ಲ್ಯಾಟಿನ್ ಹಾದು ಬರುವಾಗ ನಡುವಿನ ‘ಕ’ ಮೆತ್ತಗಾಗಿ ‘ಸ’ ಆಯಿತು. ನಾವೀಗ ಆಸ್ಟ್ರಸೈಜ್ ಎಂದು ಉಚ್ಚರಿಸುವುದು ಅದಕ್ಕೇ. ಇಂಗ್ಲಿಷಿಗೆ ಮೊದಲು ‘ಆಸ್ಟ್ರಸಿಸಂ’ ಎಂಬ ನಾಮಪದ ಬಂದದ್ದು 16ನೇ ಶತಮಾನದ ಕೊನೆಯ ಭಾಗದಲ್ಲಿ. ಪ್ಲೂಟಾರ್ಕನ ಜೀವನಚರಿತ್ರೆಗಳು 1579ರಲ್ಲಿ ಇಂಗ್ಲಿಷಿಗೆ ಬಂದವು, ಓದುವ ಜನರ ಮನೆ ಸೇರಿದವು. ಆಗ ಅದು ಬರೀ ಅಥೆನ್ಸಿನ ಇತಿಹಾಸದ ಪದ. 17ನೇ ಶತಮಾನದ ನಡುವಿನ ಹೊತ್ತಿಗೆ ಕ್ರಿಯಾಪದವೂ ಓಡಾಡತೊಡಗಿತು. ಯಾರನ್ನಾದರೂ ತಮ್ಮ ಕೂಟದಿಂದ ಹೊರಗಿಡುವುದಕ್ಕೆಲ್ಲ ಹೋಲಿಕೆಯಾಗಿ ಬಳಸಿದರು. ಹೋಲಿಕೆ ನಿಂತಿತು, ಅಥೆನ್ಸ್ ಮರೆಯಾಯಿತು.

ಇಲ್ಲೇ ಅರ್ಥ ತಿರುಗಿದ್ದು. ಇವತ್ತು ಒಬ್ಬರನ್ನು ಆಸ್ಟ್ರಸೈಜ್ ಮಾಡಿದ್ದಾರೆ ಅಂದರೆ ಅವರು ಎಲ್ಲಿಗೂ ಹೋಗಿಲ್ಲ. ಅದೇ ಊರು, ಅದೇ ಬೀದಿ, ಅದೇ ಆಫೀಸು. ಸುತ್ತಲಿನವರು ಮಾತು ಬಿಟ್ಟಿದ್ದಾರೆ, ಕರೆಯುವುದು ಬಿಟ್ಟಿದ್ದಾರೆ. ದೇಹ ಇದ್ದಲ್ಲೇ ಇದೆ, ಸಂಬಂಧ ಗಡಿಪಾರಾಗಿದೆ. ಹತ್ತು ವರ್ಷ ಎಂಬ ಗಡುವೂ ಇಲ್ಲ.

ಇದಕ್ಕೆ ನಮ್ಮಲ್ಲಿ ಪದ ಹುಡುಕಬೇಕಾಗಿಲ್ಲ, ದುಃಖದ ವಿಷಯ ಅದು. ಜಾತಿಯಿಂದ ಹೊರಗೆ ಹಾಕುವುದು, ಕುಲದಿಂದ ಹೊರಗಿಡುವುದು, ಬೆಂಕಿ ನೀರು ನಿಲ್ಲಿಸುವುದು. ನನ್ನ ಅಜ್ಜಿ ಹೇಳುತ್ತಿದ್ದರು. ಬೆಂಕಿಪೊಟ್ಟಣಕ್ಕೆ ಕಾಸಿಲ್ಲದ ಕಾಲದಲ್ಲಿ ಬೆಳಗ್ಗೆ ಒಲೆ ಹಚ್ಚಲು ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದರಂತೆ. ಕೈಯಲ್ಲಿ ಒಂದು ಬೋಕಿ, ಅದರಲ್ಲಿ ಎರಡು ಕೆಂಡ, ಮೇಲೆ ಒಂದಿಷ್ಟು ಬೂದಿ. ಅವರ ಊರಿನಲ್ಲಿ ಹೊರಗಿಟ್ಟ ಒಂದು ಮನೆ ಇತ್ತು. ಆ ಮನೆಯ ಹುಡುಗಿ ಬೋಕಿ ಹಿಡಿದು ಬಂದರೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಖಾಲಿ ಬೋಕಿ ಹಿಡಿದುಕೊಂಡೇ ವಾಪಸ್ ಹೋಗುತ್ತಿದ್ದಳು. ರೋಮನ್ನರ ಕಾನೂನಿನಲ್ಲಿ ಗಡೀಪಾರಿನ ಹೆಸರೇ ‘ನೀರು ಬೆಂಕಿಯ ನಿಷೇಧ’ ಎಂದು ಮುಂದೆ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹುಡುಗಿ.

ಮಡಕೆಯೂ ಇಲ್ಲಿ ಬರುತ್ತದೆ, ಆದರೆ ಬೇರೆ ರೀತಿ. ಮನುಸ್ಮೃತಿಯ 11ನೇ ಅಧ್ಯಾಯದಲ್ಲಿ ಪತಿತನಾದವನನ್ನು ಹೊರಗೆ ಹಾಕುವ ವಿಧಿ ಇದೆ. ದಾಸಿಯೊಬ್ಬಳು ನೀರು ತುಂಬಿದ ಮಡಕೆಯನ್ನು ಕಾಲಿನಿಂದ ಉರುಳಿಸಬೇಕು, ಸತ್ತವನಿಗೆ ಮಾಡುವ ಹಾಗೆ. ಆಮೇಲೆ ಅವನೊಡನೆ ಮಾತಿಲ್ಲ, ಜೊತೆಗೆ ಕೂರುವುದಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಬದುಕಿರುವವರಿಗೇ ಶ್ರಾದ್ಧ ಮಾಡುವ ಇಂಥ ವಿಧಿಗೆ ಘಟಶ್ರಾದ್ಧ ಎಂಬ ಹೆಸರಿದೆ. ಘಟ ಅಂದರೆ ಮಡಕೆ. ಅಥೆನ್ಸಿನ ಚೂರಿಗೂ ಈ ಮಡಕೆಗೂ ಪದದ ನಂಟಿಲ್ಲ, ಪದ್ಧತಿಯ ನಂಟೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ, ಅದಕ್ಕೆ ಹೇಳಿದೆ. ಅಲ್ಲಿ ಆಸ್ತಿ ಉಳಿಸಿ ಮನುಷ್ಯನನ್ನು ಕಳಿಸಿದರು. ಇಲ್ಲಿ ಮನುಷ್ಯನನ್ನು ಕಣ್ಣೆದುರೇ ಇಟ್ಟು ಸತ್ತ ಲೆಕ್ಕಕ್ಕೆ ಸೇರಿಸಿದರು.

ಗಾಂಧೀಜಿಯವರಿಗೂ ಇದು ತಪ್ಪಲಿಲ್ಲ. 1888ರಲ್ಲಿ ಓದಲು ಇಂಗ್ಲೆಂಡಿಗೆ ಹೊರಟಾಗ ಬೊಂಬಾಯಿಯಲ್ಲಿ ಅವರ ಜಾತಿಯ ಮುಖಂಡರು ಸಭೆ ಸೇರಿ ಅವರನ್ನು ಹೊರಗೆ ಹಾಕಿದರು. ಸಹಾಯ ಮಾಡಿದವರಿಗೆ, ಬಂದರಿಗೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದರು. ವಾಪಸ್ ಬಂದ ಮೇಲೂ ಅತ್ತೆ ಮಾವನ ಮನೆಯಲ್ಲಿ, ಒಡಹುಟ್ಟಿದ ಅಕ್ಕನ ಮನೆಯಲ್ಲಿ ಕೂಡ ತಾವು ನೀರು ಕುಡಿಯುತ್ತಿರಲಿಲ್ಲ ಎಂದು ಅವರೇ ಬರೆದಿದ್ದಾರೆ. ಇಲ್ಲಿಯೂ ನೀರೇ.

ಇತ್ತೀಚೆಗೆ ಮನಶ್ಶಾಸ್ತ್ರದವರೂ ಈ ಪದವನ್ನು ಕೈಗೆ ತೆಗೆದುಕೊಂಡಿದ್ದಾರೆ. ಅಮೆರಿಕದ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಒಂದು ಸರಳ ಚೆಂಡಾಟ ಮಾಡಿದರು. ಮೂವರು ಚೆಂಡು ಎಸೆದಾಡುತ್ತಾರೆ. ಸ್ವಲ್ಪ ಹೊತ್ತಿನ ನಂತರ ಇಬ್ಬರು ತಮ್ಮಲ್ಲೇ ಎಸೆದುಕೊಳ್ಳುತ್ತಾರೆ, ನಿಮಗೆ ಕೊಡುವುದೇ ಇಲ್ಲ. ಅಷ್ಟಕ್ಕೇ ಆಡುವವರ ಮನಸ್ಸು ನಿಜವಾಗಿ ನೋಯುತ್ತದೆ ಎಂದು ಮತ್ತೆ ಮತ್ತೆ ಕಂಡುಬಂತು. ಪರದೆಯ ಮೇಲಿನ ಬೊಂಬೆಗಳು ಚೆಂಡು ಕೊಡದಿದ್ದರೇ ಹಾಗೆ ಅಂದರೆ, ಊರೇ ಬೆನ್ನು ತಿರುಗಿಸಿದ ಕುಟುಂಬದ ಸ್ಥಿತಿ ಯೋಚಿಸಿ.

ಹಾಗಾಗಿ ನಿಮ್ಮ ವಾಕ್ಯದಲ್ಲಿ ‘ಗಡಿಪಾರು’ ಬೇಡ. ಹಾಗೆ ಬರೆದರೆ ಓದುಗರು ಆ ಕುಟುಂಬ ಊರು ಬಿಟ್ಟಿದೆ, ಅದೂ ಸರ್ಕಾರದ ಆದೇಶದಿಂದ ಬಿಟ್ಟಿದೆ ಎಂದು ತಿಳಿಯುತ್ತಾರೆ. ವರದಿ ಹೇಳುತ್ತಿರುವುದು ಅದಲ್ಲ. ಅಥೆನ್ಸಿನ ಚರಿತ್ರೆ ಅನುವಾದ ಮಾಡುವ ದಿನ ಬಂದರೆ ಆ ಪದ ಬಳಸಿಕೊಳ್ಳಿ. ಆಫೀಸಿನಲ್ಲಿ, ಶಾಲೆಯಲ್ಲಿ ಯಾರನ್ನಾದರೂ ಗುಂಪಿಗೆ ಸೇರಿಸದಿದ್ದರೆ ಬಹಿಷ್ಕಾರವೂ ಭಾರವಾಯಿತು. ‘ದೂರ ಇಟ್ಟರು’, ‘ಮಾತು ಬಿಟ್ಟರು’ ಸಾಕು.

ಇನ್ನೊಂದು ಎಚ್ಚರಿಕೆ. ನಮ್ಮ ಬಹಿಷ್ಕಾರ ಪದ ಬಾಯ್ಕಾಟಿನ ಕೆಲಸವನ್ನೂ ಮಾಡುತ್ತದೆ. ಬಾಯ್ಕಾಟ್ ಒಬ್ಬ ಮನುಷ್ಯನ ಹೆಸರು. 1880ರಲ್ಲಿ ಐರ್ಲೆಂಡಿನ ಮೇಯೊ ಜಿಲ್ಲೆಯಲ್ಲಿ ಜಮೀನ್ದಾರನ ಏಜೆಂಟಾಗಿದ್ದ ಕ್ಯಾಪ್ಟನ್ ಬಾಯ್ಕಾಟನ ಕೆಲಸಕ್ಕೆ ಗೇಣಿದಾರರು, ಕೂಲಿಯವರು ಯಾರೂ ಹೋಗಲಿಲ್ಲ. ಅವರಿಗೊಂದು ಬೇಡಿಕೆ ಇತ್ತು, ಗೇಣಿ ಇಳಿಸಬೇಕು ಎಂದು. ಬಾಯ್ಕಾಟಿನಲ್ಲಿ ಬೇಡಿಕೆ ಇರುತ್ತದೆ, ಈಡೇರಿದರೆ ಮುಗಿಯುತ್ತದೆ. ಆಸ್ಟ್ರಸೈಜ್ ಮಾಡುವವರು ಏನನ್ನೂ ಕೇಳುವುದಿಲ್ಲ, ನೀನು ಬೇಡ ಅನ್ನುತ್ತಾರೆ ಅಷ್ಟೇ.

ಈ ವ್ಯತ್ಯಾಸವನ್ನು ಕನ್ನಡ ತನ್ನ ವ್ಯಾಕರಣದಲ್ಲೇ ಇಟ್ಟುಕೊಂಡಿದೆ. ರಸ್ತೆ ಆಗಲಿಲ್ಲ ಎಂದು ಊರಿನವರು ‘ಚುನಾವಣೆಯನ್ನು ಬಹಿಷ್ಕರಿಸಿದರು’ ಅನ್ನುತ್ತೇವೆ. ಒಂದು ಮನೆಯನ್ನು ಹೊರಗಿಟ್ಟಾಗ ‘ಆ ಕುಟುಂಬಕ್ಕೆ ಬಹಿಷ್ಕಾರ ಹಾಕಿದರು’ ಅನ್ನುತ್ತೇವೆ. ದಂಡ ಹಾಕಿದರು, ಬೀಗ ಹಾಕಿದರು ಅನ್ನುವ ಹಾಗೆ, ಮೇಲಿನಿಂದ ಒಬ್ಬರ ಮೇಲೆ ಹೇರುವುದು ಆ ‘ಹಾಕು’ ಪದದಲ್ಲಿದೆ. ನೀವು ಮೊದಲ ಸಲ ಬರೆದದ್ದು ಅದನ್ನೇ. ಹಾಗೇ ಬಿಡಿ. ವರದಿಯಲ್ಲಿ ಜಾಗ ಇದ್ದರೆ ಅಂಗಡಿಯವರು ಸಾಮಾನು ಕೊಟ್ಟರಾ, ಗಿರಣಿಯಲ್ಲಿ ಹಿಟ್ಟು ಮಾಡಿಕೊಟ್ಟರಾ, ನಲ್ಲಿ ಹತ್ತಿರ ಬಿಟ್ಟರಾ ಅನ್ನುವುದನ್ನು ಮುಂದಿನ ವಾಕ್ಯದಲ್ಲಿ ಸೇರಿಸಿ.